ಮಲೆನಾಡಿನ ಮಳೆಗೂ ಮಂಜಿಗೂ ಅದರದೇ ಬಣ್ಣವಿರಲಿ

ಮಾನ್ಯ ಸಂಪಾದಕರಿಗೆ,

ನಮಸ್ಕಾರಗಳು.

ಮುಂಗಾರು ಹಿಡಿದ ಮೇಲೆ ತಮ್ಮ ಪತ್ರಿಕೆಯ ಓದುಗರ ಛಾಯಾಚಿತ್ರ ವಿಭಾಗದಲ್ಲಿ ನಮ್ಮ ಜಿಲ್ಲೆಯ ಚಿತ್ರಗಳೇ ಹೆಚ್ಚಾಗಿ ಬರುತ್ತವೆ. ಜೋಗ, ಆಗುಂಬೆ, ಕೊಡಚಾದ್ರಿ, ಕವಲೇದುರ್ಗ, ಶರಾವತಿ ಹಿನ್ನೀರಿನ ದಡ, ನಾಟಿಗೆ ಹದವಾದ ಗದ್ದೆ, ಹೀಗೆ ಊರೂರಿನ ಹುಡುಗ ಹುಡುಗಿಯರು ಮೊಬೈಲಿನಲ್ಲಿ ತೆಗೆದು ಕಳಿಸಿದ್ದನ್ನು ನೋಡುವುದು ನನ್ನಂಥ ಹಳೆಯ ಓದುಗರಿಗೆ ಸಂತೋಷದ ಸಂಗತಿ. ಆದರೆ ಇತ್ತೀಚೆಗೆ ಆ ಚಿತ್ರಗಳಲ್ಲಿ ಬಹಳಷ್ಟು ಒಂದೇ ಬಗೆಯಾಗಿ ಕಾಣುತ್ತಿವೆ. ಗದ್ದೆಯ ಹಸಿರು, ತೋಟದ ಹಸಿರು, ಕಾಡಿನ ಹಸಿರು ಎಲ್ಲವೂ ಒಂದೇ ಹೊಳಪಿನ ಬಣ್ಣಕ್ಕೆ ತಿರುಗಿವೆ. ಆಷಾಢದ ಮೋಡ ಕವಿದಿರಬೇಕಾದ ಗುಡ್ಡದ ಮೇಲೆ ನೀಲಿ ಆಕಾಶ ಬಂದು ಕೂತಿದೆ. ಜಲಪಾತದ ನೀರಿನ ಸುತ್ತ ಬಿಳಿಯ ಗೆರೆ ಎದ್ದಿದೆ. ತೆಗೆದವರು ನಿಂತ ಜಾಗ ಚೆನ್ನಾಗಿದೆ, ಆರಿಸಿಕೊಂಡ ಹೊತ್ತು ಚೆನ್ನಾಗಿದೆ, ಆಮೇಲೆ ಮಾಡಿದ ಎಡಿಟಿಂಗ್ ಮಾತ್ರ ಅವೆರಡನ್ನೂ ಅಳಿಸಿಹಾಕಿದೆ. ಈ ಬಗ್ಗೆ ಕೆಲವು ಮಾತುಗಳನ್ನು ತಮ್ಮ ಮೂಲಕ ಆ ಮಕ್ಕಳಿಗೂ ತಮ್ಮ ಪತ್ರಿಕೆಗೂ ತಿಳಿಸಬೇಕೆಂದು ಈ ಪತ್ರ ಬರೆಯುತ್ತಿದ್ದೇನೆ.

ಎಡಿಟಿಂಗ್ ಮಾಡಬಾರದೆಂದು ನಾನು ಹೇಳುತ್ತಿಲ್ಲ. ಫಿಲಂ ಕಾಲದಲ್ಲಿ ಸ್ಟುಡಿಯೊ ಒಂದರ ಡಾರ್ಕ್ ರೂಮಿನಲ್ಲಿ ಕೆಲಸ ಕಲಿತವನು ನಾನು. ಈಗ ಬಿಡುವಿದ್ದಾಗ ಊರಿನ ಮಕ್ಕಳಿಗೆ ಮೊಬೈಲಿನಲ್ಲೂ ಕಂಪ್ಯೂಟರಿನಲ್ಲೂ ಚಿತ್ರ ತಿದ್ದುವುದನ್ನು ಹೇಳಿಕೊಡುತ್ತಿದ್ದೇನೆ. ನೆಗೆಟಿವ್ ಚಿತ್ರವನ್ನು ಕಾಗದದ ಮೇಲೆ ದೊಡ್ಡದಾಗಿ ಮೂಡಿಸುವ ಎನ್‌ಲಾರ್ಜರಿನ ಬೆಳಕಿಗೆ ಕೈ ಅಡ್ಡ ಹಿಡಿದು ಮುಖದ ಭಾಗವನ್ನು ತಿಳಿಗೊಳಿಸುವುದು, ಬಿಳಿಚಿಕೊಂಡ ಆಕಾಶಕ್ಕೆ ಇನ್ನಷ್ಟು ಹೊತ್ತು ಬೆಳಕು ಬಿಟ್ಟು ಗಾಢಗೊಳಿಸುವುದು, ನೆಗೆಟಿವ್ ಮೇಲೆ ಮೊನಚು ಪೆನ್ಸಿಲಿನಿಂದ ಚುಕ್ಕೆ ಮುಚ್ಚುವುದು ಅಂದಿನ ನಿತ್ಯದ ಕೆಲಸವಾಗಿತ್ತು. ಇಂದಿನ ಸಾಫ್ಟ್‌ವೇರುಗಳಲ್ಲಿರುವ ಡಾಡ್ಜ್, ಬರ್ನ್ ಎಂಬ ಉಪಕರಣಗಳು ಆ ಕೆಲಸದ ಹೆಸರನ್ನೇ ಹೊತ್ತಿವೆ. ಮೊಬೈಲ್ ಕ್ಯಾಮೆರಾವಂತೂ ಗುಂಡಿ ಒತ್ತಿದ ಕ್ಷಣದಲ್ಲೇ ಹಲವು ಚಿತ್ರಗಳನ್ನು ಒಂದಾಗಿ ಸೇರಿಸಿ, ಬಣ್ಣ ಏರಿಸಿ, ಅಂಚು ಹರಿತಗೊಳಿಸಿ ನಮ್ಮ ಕೈಗೆ ಕೊಡುತ್ತದೆ. ಹಾಗಾಗಿ ಏನೂ ತಿದ್ದದ ಚಿತ್ರ ಎಂಬುದು ಮೊಬೈಲಿನಲ್ಲಿ ಸಿಗುವುದೇ ಕಷ್ಟ. ನಾನು ಹೇಳಬೇಕೆಂದಿರುವುದು ಇಷ್ಟು: ಕಣ್ಣು ಕಂಡದ್ದಕ್ಕೂ ಕ್ಯಾಮೆರಾ ಹಿಡಿದದ್ದಕ್ಕೂ ನಡುವಿನ ಅಂತರವನ್ನು ತಗ್ಗಿಸುವುದಕ್ಕೆ ಎಡಿಟಿಂಗ್ ಇದೆ, ಅದನ್ನು ಹೊಸಬರು ಕಲಿಯಬೇಕಾದದ್ದು ಒಂದೇ ಒತ್ತಿಗೆ ಎಲ್ಲವನ್ನೂ ಬದಲಿಸಿಬಿಡುವ ಫಿಲ್ಟರುಗಳಿಂದಲ್ಲ, ಮೂಲದ ಐದಾರು ಉಪಕರಣಗಳಿಂದ.

ಅದಕ್ಕೆ ಬೇಕಾದ ಸಾಫ್ಟ್‌ವೇರಿಗೆ ಹಣ ಕೊಡಬೇಕಾಗಿಯೂ ಇಲ್ಲ. ಥಾಮಸ್ ನೋಲ್, ಜಾನ್ ನೋಲ್ ಎಂಬ ಅಣ್ಣತಮ್ಮಂದಿರು ರೂಪಿಸಿ 1990ರಲ್ಲಿ ಹೊರಬಂದ ಫೋಟೊಶಾಪ್ ಇಂದಿಗೂ ವೃತ್ತಿಪರರ ಮೊದಲ ಆಯ್ಕೆಯಾಗಿದ್ದರೂ ಅದಕ್ಕೆ ಚಂದಾ ಕಟ್ಟುತ್ತಿರಬೇಕು. ಕಲಿಯುವವರಿಗೆ ಅದರ ಅಗತ್ಯವಿಲ್ಲ. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಬರ್ಕ್ಲಿಯಲ್ಲಿ ಇಬ್ಬರು ವಿದ್ಯಾರ್ಥಿಗಳು 1995ರಲ್ಲಿ ಆರಂಭಿಸಿದ ಗಿಂಪ್ ಉಚಿತವಾದ ಮುಕ್ತ ತಂತ್ರಾಂಶ. ವಿಂಡೋಸ್, ಲಿನಕ್ಸ್, ಮ್ಯಾಕ್ ಮೂರರಲ್ಲೂ ಅದು ನಡೆಯುತ್ತದೆ, ಮತ್ತು 2025ರಲ್ಲಿ ಬಂದ ಅದರ 3.0 ಆವೃತ್ತಿಯಲ್ಲಿ ಒಮ್ಮೆ ಹಾಕಿದ ಪರಿಣಾಮಗಳನ್ನು ಆಮೇಲೆ ಮತ್ತೆ ಬದಲಿಸಿಕೊಳ್ಳುವ ಅನುಕೂಲವೂ ಸೇರಿದೆ. ಮೊಬೈಲಿಗಾದರೆ ಸ್ನ್ಯಾಪ್‌ಸೀಡ್ ಇದೆ. 2011ರಲ್ಲಿ ಬಂದ ಈ ಆ್ಯಪನ್ನು ಅದನ್ನು ತಯಾರಿಸಿದ ಸಂಸ್ಥೆಯ ಸಮೇತ ಮರುವರ್ಷ ಗೂಗಲ್ ಕೊಂಡುಕೊಂಡಿತು. ವಿಂಡೋಸಿನಲ್ಲಿ ಪೇಂಟ್ ಡಾಟ್ ನೆಟ್, ಏನನ್ನೂ ಇನ್‌ಸ್ಟಾಲ್ ಮಾಡದೆ ಬ್ರೌಸರಿನಲ್ಲೇ ತೆರೆಯುವ ಫೋಟೊಪಿಯಾ ಕೂಡ ಹೊಸಬರಿಗೆ ತಕ್ಕವೇ. ನನ್ನ ಅನುಭವದಲ್ಲಿ ಮೊಬೈಲಿಗೆ ಒಂದು, ಕಂಪ್ಯೂಟರಿಗೆ ಒಂದು ಸಾಕು. ಹತ್ತು ಆ್ಯಪ್ ಹಾಕಿಕೊಂಡವರು ಹತ್ತರಲ್ಲೂ ಫಿಲ್ಟರನ್ನೇ ಒತ್ತುತ್ತಾರೆ.

ಕೆಲಸಕ್ಕೆ ಕೈ ಹಾಕುವ ಮೊದಲು ಮೂಲ ಚಿತ್ರದ ನಕಲೊಂದನ್ನು ಬೇರೆ ಫೋಲ್ಡರಿನಲ್ಲಿ ಇಟ್ಟುಕೊಳ್ಳಬೇಕು. ಮೊಬೈಲುಗಳು ಸಾಮಾನ್ಯವಾಗಿ ಬಳಸುವ ಜೆಪೆಗ್ ಮಾದರಿ ಕಡತದ ಗಾತ್ರ ಇಳಿಸುವುದಕ್ಕಾಗಿ ಚಿತ್ರವನ್ನು ಎಂಟಕ್ಕೆ ಎಂಟು ಪಿಕ್ಸೆಲುಗಳ, ಅಂದರೆ ಚಿತ್ರವನ್ನು ಕಟ್ಟುವ ಸಣ್ಣ ಚುಕ್ಕೆಗಳ, ಚೌಕಗಳನ್ನಾಗಿ ಒಡೆದು ಕಣ್ಣಿಗೆ ಸುಲಭವಾಗಿ ಕಾಣದ ವಿವರಗಳನ್ನು ಬಿಟ್ಟುಬಿಡುತ್ತದೆ. ಅದೇ ಕಡತವನ್ನು ತೆರೆದು, ತಿದ್ದಿ, ಮತ್ತೆ ಜೆಪೆಗ್ ಆಗಿ ಉಳಿಸಿದಾಗಲೆಲ್ಲ ಇನ್ನಷ್ಟು ವಿವರ ಹೋಗುತ್ತದೆ, ಹೋದದ್ದು ಮರಳಿ ಬರುವುದಿಲ್ಲ. ಗಿಂಪಿನಲ್ಲಿ ‘ಸೇವ್’ ಎಂದರೆ ಒಂದರ ಮೇಲೊಂದು ಇಟ್ಟು ತಿದ್ದಿದ ಪದರಗಳ ಸಮೇತ ಅದರದೇ ಎಕ್ಸ್‌ಸಿಎಫ್ ಮಾದರಿಯಲ್ಲಿ ಉಳಿಯುತ್ತದೆ, ‘ಎಕ್ಸ್‌ಪೋರ್ಟ್’ ಎಂದರೆ ಕಳಿಸಲು ಬೇಕಾದ ಜೆಪೆಗ್ ಸಿದ್ಧವಾಗುತ್ತದೆ. ಈ ಎರಡರ ವ್ಯತ್ಯಾಸವನ್ನು ಮೊದಲ ದಿನವೇ ತಿಳಿದುಕೊಂಡವರಿಗೆ ಮುಂದೆ ತೊಂದರೆ ಇರುವುದಿಲ್ಲ.

ಇನ್ನು ಮಂಜಿನ ವಿಷಯಕ್ಕೆ ಬರುತ್ತೇನೆ, ಏಕೆಂದರೆ ಮಲೆನಾಡಿನ ಚಿತ್ರಗಳು ಹೆಚ್ಚಾಗಿ ಕೆಡುವುದು ಅಲ್ಲಿಯೇ. ಆಗುಂಬೆ ಘಾಟಿಯ ತಿರುವಿನಲ್ಲಿ ನಿಂತು ತೆಗೆದ ಮಂಜಿನ ಚಿತ್ರ ಮನೆಗೆ ಬಂದು ನೋಡಿದಾಗ ಬೂದಿ ಬಣ್ಣಕ್ಕೆ ತಿರುಗಿ ಮಂಕಾಗಿರುತ್ತದೆ. ಇದಕ್ಕೆ ಕಾರಣ ಕ್ಯಾಮೆರಾದ ಲೆಕ್ಕಾಚಾರ. ಎದುರಿಗಿರುವ ದೃಶ್ಯದ ಸರಾಸರಿ ಹೊಳಪು ಮಧ್ಯಮ ಬೂದು ಬಣ್ಣದಷ್ಟು ಇರುತ್ತದೆ ಎಂದು ಎಣಿಸಿಯೇ ಅದು ಬೆಳಕನ್ನು ಅಳೆಯುತ್ತದೆ. ಇಡೀ ಚೌಕಟ್ಟಿನಲ್ಲಿ ಬೆಳ್ಳಗಿನ ಮಂಜೇ ತುಂಬಿಕೊಂಡಾಗ ಆ ಬಿಳಿಯನ್ನು ಬೂದು ಬಣ್ಣಕ್ಕೆ ಇಳಿಸಿಬಿಡುತ್ತದೆ. ತೆಗೆಯುವಾಗಲೇ ಪರದೆಯ ಮೇಲೆ ಬೆರಳಿಟ್ಟು ಹೊಳಪನ್ನು ಸ್ವಲ್ಪ ಏರಿಸಿಕೊಂಡರೆ ಅರ್ಧ ಕೆಲಸ ಮುಗಿಯಿತು. ಆಗದಿದ್ದರೆ ಎಡಿಟಿಂಗಿನಲ್ಲಿ ಸರಿಪಡಿಸಬಹುದು, ಆದರೆ ಇಲ್ಲಿ ಒಂದು ಎಚ್ಚರಿಕೆ ಬೇಕು.

ಗಿಂಪಿನ ‘ಲೆವೆಲ್ಸ್’ ಕಿಟಕಿಯನ್ನು ತೆರೆದರೆ ಚಿತ್ರದಲ್ಲಿ ಯಾವ ಹೊಳಪಿನ ಭಾಗ ಎಷ್ಟಿದೆ ಎಂದು ತೋರಿಸುವ ಹಿಸ್ಟೊಗ್ರಾಮ್ ಎಂಬ ನಕ್ಷೆ ಕಾಣುತ್ತದೆ. ಎಡತುದಿ ಕಡುಗಪ್ಪು, ಅಂದರೆ 0. ಬಲತುದಿ ಅಚ್ಚಬಿಳಿ, ಅಂದರೆ 255. ಮಂಜಿನ ಚಿತ್ರದಲ್ಲಿ ನಕ್ಷೆಯ ಗುಡ್ಡವೆಲ್ಲ ನಡುವಿನಲ್ಲೇ ಗುಂಪುಗೂಡಿ ಎರಡು ತುದಿಗಳೂ ಖಾಲಿ ಇರುತ್ತವೆ. ‘ಆಟೊ’ ಒತ್ತಿದರೆ ಸಾಫ್ಟ್‌ವೇರ್ ಎರಡೂ ತುದಿಗಳ ಗುರುತನ್ನು ಗುಡ್ಡದ ಬುಡಕ್ಕೆ ಎಳೆದು ತರುತ್ತದೆ. ಚಿತ್ರದಲ್ಲಿ ಕಪ್ಪು ಹುಟ್ಟುತ್ತದೆ, ಮರಗಳು ಎದ್ದು ಕಾಣುತ್ತವೆ, ಮಂಜು ಮಾಯವಾಗುತ್ತದೆ. ಮಂಜಿನಲ್ಲಿ ಕಡುಗಪ್ಪು ಇರುವುದೇ ಇಲ್ಲ. ದೂರದ ಮರ ಬೂದುಬಣ್ಣದಲ್ಲಿ ತೇಲಿದಂತೆ ಕಂಡರೇ ಅದು ದೂರದಲ್ಲಿದೆ ಎಂದು ನಮಗೆ ಗೊತ್ತಾಗುವುದು. ಆದ್ದರಿಂದ ಬಲಗಡೆಯ ಬಿಳಿ ಗುರುತನ್ನು ಮಾತ್ರ ಗುಡ್ಡದ ಬುಡದ ಹತ್ತಿರಕ್ಕೆ ಮೆಲ್ಲಗೆ ತಂದು, ಎಡಗಡೆಯ ಕಪ್ಪು ಗುರುತನ್ನು ಇದ್ದಲ್ಲೇ ಬಿಡಬೇಕು ಇಲ್ಲವೇ ಕೂದಲೆಳೆಯಷ್ಟು ಸರಿಸಬೇಕು. ಮಂಜು ಮಂಜಾಗಿಯೇ ಉಳಿದು ಬೆಳ್ಳಗಾಗುತ್ತದೆ. ಸ್ನ್ಯಾಪ್‌ಸೀಡಿನಲ್ಲಾದರೆ ‘ಟ್ಯೂನ್ ಇಮೇಜ್’ ತೆರೆದು ಬೆರಳನ್ನು ಮೇಲೆ ಕೆಳಗೆ ಜಾರಿಸಿ ಬ್ರೈಟ್‌ನೆಸ್ ಆರಿಸಿಕೊಂಡು, ಬಲಕ್ಕೆ ಜಾರಿಸಿ ಅದನ್ನು ಹೆಚ್ಚಿಸಬೇಕು. ‘ಸ್ಟ್ರಕ್ಚರ್’, ‘ಎಚ್‌ಡಿಆರ್ ಸ್ಕೇಪ್’, ಮಬ್ಬು ತೆಗೆಯುವ ‘ಡಿಹೇಜ್’ ಮುಂತಾದವನ್ನು ಮಂಜಿನ ಚಿತ್ರಕ್ಕೆ ಮುಟ್ಟಿಸದಿರುವುದೇ ಒಳ್ಳೆಯದು. ಪಟ್ಟಣದ ಹೊಗೆಯನ್ನು ತೆಗೆಯಲು ಬೇಕಾದ ಉಪಕರಣದಿಂದ ಆಗುಂಬೆಯ ಮಂಜನ್ನು ತೆಗೆದುಹಾಕಿದರೆ ಅಲ್ಲಿಗೆ ಹೋಗಿ ತೆಗೆದ ಚಿತ್ರಕ್ಕೆ ಅರ್ಥವೇನು ಉಳಿಯಿತು?

ಹಸಿರಿನದು ಇನ್ನೂ ಸೂಕ್ಷ್ಮವಾದ ಸಂಗತಿ. ಸಸಿಮಡಿಯ ಹಸಿರಿನಲ್ಲಿ ಹಳದಿ ಹೆಚ್ಚು. ಅಡಿಕೆ ತೋಟದ ಒಳಗಿನದು ತಂಪಾದ ಕಡುಹಸಿರು. ಹಾವಸೆ ಕಟ್ಟಿದ ಹೆಂಚಿನದು ಕಂದು ಬೆರೆತದ್ದು. ಸೊಪ್ಪಿನಬೆಟ್ಟದ ಚಿಗುರಿನಲ್ಲಿ ಕೆಂಪೂ ಇರುತ್ತದೆ. ನಮ್ಮ ಸೀಮೆಯಲ್ಲಿ ಹುಟ್ಟಿ ಬೆಳೆದವರಿಗೆ ಚಿತ್ರ ಯಾವ ತಿಂಗಳಿನದು ಎಂಬುದು ಹಸಿರು ನೋಡಿದರೇ ಗೊತ್ತಾಗಬೇಕು. ‘ಸ್ಯಾಚುರೇಶನ್’ ಎಂಬ ಗುರುತನ್ನು ಬಲಕ್ಕೆ ಎಳೆದಾಗ ಎಲ್ಲ ಬಣ್ಣಗಳೂ ಒಟ್ಟಿಗೇ ಏರಿ, ಮೊದಲೇ ಗಾಢವಾಗಿದ್ದ ಬಣ್ಣ ತನ್ನ ಮಿತಿಯನ್ನು ಮುಟ್ಟಿ ಅಲ್ಲೇ ನಿಲ್ಲುತ್ತದೆ, ತಿಳಿಯಾಗಿದ್ದದ್ದು ಬಂದು ಅದರ ಜೊತೆ ಸೇರುತ್ತದೆ. ವ್ಯತ್ಯಾಸ ಅಳಿಯುವುದು ಹೀಗೆ. ಹಸಿರು ನಿಜಕ್ಕೂ ಮಂಕಾಗಿದ್ದರೆ ಗಿಂಪಿನ ‘ಹ್ಯೂ-ಸ್ಯಾಚುರೇಶನ್’ ಕಿಟಕಿಯಲ್ಲಿ ಆರು ಬಣ್ಣಗಳನ್ನು ಬೇರೆಬೇರೆಯಾಗಿ ಆರಿಸಿಕೊಳ್ಳುವ ಸೌಲಭ್ಯ ಇದೆ, ಅದನ್ನು ಬಳಸಬೇಕು. ಹೊಸಬರಿಗೆ ಗೊತ್ತಿಲ್ಲದ ಒಂದು ಸಂಗತಿಯನ್ನು ಇಲ್ಲಿ ಹೇಳಬೇಕು: ಎಲೆಗಳ ಬಣ್ಣ ಹೆಚ್ಚಿನಂಶ ಕಂಪ್ಯೂಟರಿನ ಲೆಕ್ಕದಲ್ಲಿ ಹಳದಿ ವಿಭಾಗಕ್ಕೆ ಸೇರಿರುತ್ತದೆ. ‘ಹಸಿರು’ ಆರಿಸಿ ಎಷ್ಟು ಎಳೆದರೂ ಗದ್ದೆ ಕದಲುವುದಿಲ್ಲವೆಂದು ಮಕ್ಕಳು ಬೇಸರಿಸಿಕೊಳ್ಳುತ್ತಾರೆ. ‘ಹಳದಿ’ ಆರಿಸಿ ಸ್ವಲ್ಪವೇ ಸರಿಸಿದರೆ ಇಡೀ ಗದ್ದೆ ಬದಲಾಗುತ್ತದೆ. ಆ ಸ್ವಲ್ಪದಲ್ಲಿ ನಿಲ್ಲಿಸುವುದನ್ನು ರೂಢಿಸಿಕೊಳ್ಳಬೇಕು.

ಮರಗಳ ಕೆಳಗೆ ತೆಗೆದ ಮುಖಗಳಿಗೆ ಎಲೆಯ ಬಣ್ಣ ಬಳಿದಂತಾಗುವುದನ್ನು ‘ವೈಟ್ ಬ್ಯಾಲೆನ್ಸ್’ ಉಪಕರಣದಿಂದ ಸರಿಪಡಿಸಬಹುದು. ಬಿಸಿಲಿನ ಬೆಳಕು ಸುಮಾರು 5500 ಕೆಲ್ವಿನ್, ಹಳೆಯ ಬುರುಡೆ ಬಲ್ಬಿನದು 2700ರ ಆಸುಪಾಸು ಎಂದು ಬೆಳಕಿನ ಬಣ್ಣವನ್ನು ಹಳದಿಯಿಂದ ನೀಲಿಯವರೆಗೆ ಕೆಲ್ವಿನ್ ಎಂಬ ಮಾನದಲ್ಲಿ ಅಳೆಯುತ್ತಾರೆ. ಹಸಿರಿನ ಪ್ರತಿಫಲನ ಈ ಅಳತೆಗೆ ಸಿಗುವುದಿಲ್ಲವಾದ್ದರಿಂದ ‘ಟಿಂಟ್’ ಎಂಬ ಎರಡನೆಯ ಗುರುತನ್ನು ಹಸಿರಿನಿಂದ ನಸುಗೆಂಪಿನ ಕಡೆಗೆ ಸರಿಸಬೇಕಾಗುತ್ತದೆ. ಚಿತ್ರದಲ್ಲಿ ಬಿಳಿ ಪಂಚೆಯೋ ಸುಣ್ಣ ಬಳಿದ ಗೋಡೆಯೋ ಸಿಮೆಂಟಿನ ಕಂಬವೋ ಇದ್ದರೆ ಡ್ರಾಪರ್ ಗುರುತಿನಿಂದ ಅದನ್ನು ಮುಟ್ಟಿ ತೋರಿಸಿದರೂ ಸಾಕು. ಇದೇ ಸಂದರ್ಭದಲ್ಲಿ ಇನ್ನೊಂದು ಮಾತು: ರಾತ್ರಿ ಕತ್ತಲೆಯಲ್ಲಿ ಪರದೆಯ ಹೊಳಪನ್ನು ತುಂಬ ಏರಿಸಿಕೊಂಡು ತಿದ್ದಿದ ಚಿತ್ರ ಹಗಲಿನಲ್ಲಿ ನೋಡಿದರೆ ಕಪ್ಪಾಗಿರುತ್ತದೆ, ಕಣ್ಣಿಗೆ ತಂಪೆಂದು ಪರದೆಯನ್ನು ಹಳದಿ ಮಾಡಿಕೊಂಡು ತಿದ್ದಿದ ಚಿತ್ರ ನೀಲಿಗೆ ತಿರುಗಿರುತ್ತದೆ. ಬಣ್ಣ ತಿದ್ದುವಾಗ ಪರದೆಯನ್ನು ಹಳದಿ ಮಾಡುವ ಆ ಸೌಲಭ್ಯವನ್ನು ಆಫ್ ಮಾಡಿಡಬೇಕು.

ಜೋಗದ ಚಿತ್ರಗಳ ಬಗ್ಗೆ ಹೇಳುವುದಾದರೆ, 253 ಮೀಟರ್ ಎತ್ತರದಿಂದ ಬೀಳುವ ರಾಜಾ, ರಾಣಿ, ರೋರರ್, ರಾಕೆಟ್ ನಾಲ್ಕೂ ಧಾರೆಗಳು ಕಪ್ಪು ಬಂಡೆಯ ಎದುರು ಅಚ್ಚಬಿಳಿಯಾಗಿರುವುದರಿಂದ ನೀರಿನ ಭಾಗ 255ನ್ನು ಮುಟ್ಟಿ ವಿವರವೆಲ್ಲ ಸುಟ್ಟುಹೋಗುವುದು ಸಾಮಾನ್ಯ. ಹೀಗೆ ಸುಟ್ಟುಹೋದ ಕಡೆ ಯಾವ ಸಾಫ್ಟ್‌ವೇರಿಗೂ ಹಿಂತಿರುಗಿ ತರಲು ಏನೂ ಉಳಿದಿರುವುದಿಲ್ಲ; ‘ಹೈಲೈಟ್ಸ್’ ತಗ್ಗಿಸಿದರೆ ಬಿಳಿ ಹೋಗಿ ಬೂದು ಬರುತ್ತದೆ, ನೀರಿನ ಎಳೆಗಳು ಬರುವುದಿಲ್ಲ. ಆದಕಾರಣ ಜಲಪಾತವನ್ನು ತೆಗೆಯುವಾಗ, ಮಂಜಿಗೆ ಹೇಳಿದ್ದಕ್ಕೆ ವಿರುದ್ಧವಾಗಿ, ಹೊಳಪನ್ನು ಕಡಿಮೆ ಇಟ್ಟು ತೆಗೆದುಕೊಂಡು, ಬಂಡೆಯ ಕತ್ತಲನ್ನು ಮಾತ್ರ ಆಮೇಲೆ ಎತ್ತಬೇಕು. ಸ್ನ್ಯಾಪ್‌ಸೀಡಿನ ‘ಸೆಲೆಕ್ಟಿವ್’ ಇದಕ್ಕೆ ಬಹಳ ಅನುಕೂಲ. ಬಂಡೆಯ ಮೇಲೆ ಒಂದು ಬಿಂದು ಇಟ್ಟು, ಎರಡು ಬೆರಳುಗಳಿಂದ ಅದರ ವ್ಯಾಪ್ತಿಯನ್ನು ಹಿಗ್ಗಿಸಿ ಕುಗ್ಗಿಸಿ, ಅಷ್ಟಕ್ಕೇ ಬೆಳಕು ಕೊಡಬಹುದು. ಅದೇ ಬಣ್ಣದ ಜಾಗವನ್ನು ಆ್ಯಪ್ ತಾನೇ ಗುರುತಿಸಿಕೊಳ್ಳುತ್ತದೆ. ಗಿಂಪಿನಲ್ಲಿ ಇದೇ ಕೆಲಸವನ್ನು ಚಿತ್ರದ ಪದರವನ್ನು ನಕಲು ಮಾಡಿ, ಮೇಲಿನದನ್ನು ತಿಳಿಗೊಳಿಸಿ, ಅದಕ್ಕೆ ‘ಲೇಯರ್ ಮಾಸ್ಕ್’ ಹಾಕಿ ಮಾಡುತ್ತೇವೆ. ಮಾಸ್ಕಿನ ಮೇಲೆ ಕಪ್ಪು ಬಳಿದ ಕಡೆ ಮೇಲಿನ ಪದರ ಮರೆಯಾಗಿ ಕೆಳಗಿನದು ಕಾಣುತ್ತದೆ, ಬಿಳಿ ಬಳಿದರೆ ಮರಳಿ ಬರುತ್ತದೆ. ಅಳಿಸುವ ರಬ್ಬರನ್ನು ಬಿಟ್ಟು ಮಾಸ್ಕ್ ಬಳಸಲು ಕಲಿತ ದಿನ ಹೊಸಬರು ಹೊಸಬರಾಗಿ ಉಳಿಯುವುದಿಲ್ಲ. ಅಂಚು ಹರಿತಗೊಳಿಸುವ ಕೆಲಸ ಎಲ್ಲಕ್ಕಿಂತ ಕೊನೆಗೆ, ಚಿತ್ರವನ್ನು ಪೂರ್ಣ ಗಾತ್ರಕ್ಕೆ ಹಿಗ್ಗಿಸಿ ನೋಡುತ್ತ ಮಾಡುವಂಥದ್ದು. ನಾನು ಮೊದಲು ಹೇಳಿದ, ನೀರಿನ ಸುತ್ತ ಏಳುವ ಬಿಳಿಯ ಗೆರೆ ಅದರ ಅತಿಯಿಂದ ಬಂದದ್ದು.

ಇಷ್ಟು ಉಪಕರಣಗಳನ್ನು ಕಲಿತ ಮಕ್ಕಳಿಗೆ ನಾನು ಒಪ್ಪಿಸುವ ಮೊದಲ ಕೆಲಸ ಮನೆಯ ಹಳೆಯ ಫೋಟೊಗಳದು. ಮಲೆನಾಡಿನ ಮನೆಗಳ ಜಗಲಿಯಲ್ಲಿ ಕಟ್ಟು ಹಾಕಿಸಿ ತೂಗುಬಿಟ್ಟ ಅಜ್ಜ ಅಜ್ಜಿಯರ ಕಪ್ಪುಬಿಳುಪು ಫೋಟೊಗಳು ವರ್ಷವರ್ಷವೂ ಮಳೆಯ ಥಂಡಿಗೆ ಹಾಳಾಗುತ್ತಿವೆ. ಫೋಟೊ ಕಾಗದದ ಮೇಲಿನ ಜೆಲಟಿನ್ ಪದರ ತೇವಕ್ಕೆ ಮೆತ್ತಗಾಗಿ ಗಾಜಿಗೆ ಅಂಟಿಕೊಳ್ಳುತ್ತದೆ, ಬೂಷ್ಟಿಗೆ ಅದೇ ಆಹಾರವೂ ಆಗುತ್ತದೆ. ಅಂಟಿಕೊಂಡ ಫೋಟೊವನ್ನು ಎಂದೂ ಕಿತ್ತು ತೆಗೆಯಬಾರದು, ಒದ್ದೆ ಬಟ್ಟೆಯಿಂದ ಒರೆಸಲೂಬಾರದು. ಗಾಜಿನ ಸಮೇತವೇ ಸ್ಕ್ಯಾನರಿನ ಮೇಲಿಡಬೇಕು, ಇಲ್ಲವೇ ಬೆಳಕು ಪ್ರತಿಫಲಿಸದಂತೆ ಓರೆಯಾಗಿ ಬೀಳುವ ಹಗಲಿನ ಬೆಳಕಿನಲ್ಲಿ ನೇರವಾಗಿ ಎದುರು ಹಿಡಿದು ಮೊಬೈಲಿನಲ್ಲಿ ತೆಗೆಯಬೇಕು. ಸ್ಕ್ಯಾನ್ ಮಾಡುವುದಾದರೆ 600 ಡಿಪಿಐ, ಅಂದರೆ ಇಂಚಿಗೆ 600 ಚುಕ್ಕೆ, ಇರಲಿ. ಮೂರೂವರೆ ಸೆಂಟಿಮೀಟರ್ ಅಗಲ, ನಾಲ್ಕೂವರೆ ಸೆಂಟಿಮೀಟರ್ ಎತ್ತರದ ಪಾಸ್‌ಪೋರ್ಟ್ ಅಳತೆಯ ಫೋಟೊ ಆಗ ಸುಮಾರು 827ಕ್ಕೆ 1063 ಪಿಕ್ಸೆಲ್ ಆಗುತ್ತದೆ, ಅಂದರೆ 300 ಡಿಪಿಐ ಲೆಕ್ಕದಲ್ಲಿ ಅಚ್ಚು ಹಾಕಿಸಿದರೆ ಅದರ ಎರಡು ಪಟ್ಟು ಅಗಲ ಎತ್ತರಗಳಲ್ಲಿ ಸ್ಪಷ್ಟವಾಗಿ ಬರುತ್ತದೆ. ಉಳಿಸುವಾಗ ವಿವರ ಕಳೆದುಕೊಳ್ಳದ ಟಿಫ್ ಮಾದರಿ ಒಳ್ಳೆಯದು.

ಫೋಟೊ ಕಪ್ಪುಬಿಳುಪಿನದೇ ಆದರೂ ಸ್ಕ್ಯಾನ್ ಮಾತ್ರ ಬಣ್ಣದಲ್ಲಿ ಮಾಡಬೇಕೆಂದು ನಾನು ಒತ್ತಿ ಹೇಳುತ್ತೇನೆ. ಬಣ್ಣದ ಚಿತ್ರ ಎಂದರೆ ಕೆಂಪು, ಹಸಿರು, ನೀಲಿ ಎಂಬ ಮೂರು ಕಪ್ಪುಬಿಳುಪು ಚಿತ್ರಗಳ ಕೂಡಿಕೆ. ಹಳದಿ ಮತ್ತು ಕಂದು ಬಣ್ಣದ ಕಲೆಗಳು ನೀಲಿ ಬೆಳಕನ್ನು ಹೀರಿಕೊಳ್ಳುವುದರಿಂದ ನೀಲಿ ಚಿತ್ರದಲ್ಲಿ ಅವು ಕಪ್ಪಾಗಿ ಎದ್ದು ಕಾಣುತ್ತವೆ, ಕೆಂಪು ಚಿತ್ರದಲ್ಲಿ ಬಹುಮಟ್ಟಿಗೆ ಕರಗಿಹೋಗಿರುತ್ತವೆ. ಗಿಂಪಿನ ‘ಕಲರ್ಸ್’ ಪಟ್ಟಿಯಲ್ಲಿ ‘ಡಿಕಂಪೋಸ್’ ಆರಿಸಿ ಮೂರನ್ನೂ ಬಿಡಿಸಿ, ಕೆಂಪನ್ನು ಮಾತ್ರ ಇಟ್ಟುಕೊಂಡರೆ ಒಂದು ಚುಕ್ಕೆಯನ್ನೂ ಕೈಯಿಂದ ಮುಟ್ಟುವ ಮೊದಲೇ ಅರ್ಧ ಕಲೆ ಹೋಗಿರುತ್ತದೆ. ಉಳಿದದ್ದನ್ನು ‘ಹೀಲಿಂಗ್’ ಉಪಕರಣದಿಂದ ಮುಚ್ಚಬೇಕು: ಕಂಟ್ರೋಲ್ ಗುಂಡಿ ಹಿಡಿದು ಕಲೆಯಿಲ್ಲದ ಪಕ್ಕದ ಜಾಗವನ್ನು ಒತ್ತಿ ತೋರಿಸಿ, ಆಮೇಲೆ ಕಲೆಯ ಮೇಲೆ ಸಣ್ಣ ಸಣ್ಣ ಒತ್ತುಗಳಲ್ಲಿ ಕೆಲಸ ಮಾಡಿದರೆ ಅದು ಸುತ್ತಲಿನ ಬೆಳಕಿಗೆ ಹೊಂದಿಕೊಳ್ಳುತ್ತದೆ. ಉದ್ದಕ್ಕೆ ಬಳಿಯುತ್ತ ಹೋದರೆ ತೇಪೆ ಹಾಕಿದ್ದು ಗೊತ್ತಾಗುತ್ತದೆ. ಹಿನ್ನೆಲೆಯಿಂದ ಆರಂಭಿಸಿ, ಬಟ್ಟೆಗೆ ಬಂದು, ಮುಖವನ್ನು ಕೊನೆಗೆ ಮುಟ್ಟಬೇಕು; ಕಣ್ಣು ಮತ್ತು ಬಾಯಿಯ ಸುತ್ತ ಅನುಮಾನ ಬಂದ ಕಡೆ ಕಲೆಯನ್ನೇ ಉಳಿಸಬೇಕು. ಈಗ ಒಂದೇ ಒತ್ತಿಗೆ ಹಳೆಯ ಮುಖಗಳನ್ನು ಸ್ಪಷ್ಟಗೊಳಿಸಿ ಬಣ್ಣ ತುಂಬಿಕೊಡುವ ಕೃತಕ ಬುದ್ಧಿಮತ್ತೆಯ ಆ್ಯಪ್‌ಗಳಿವೆ. ಅವು ಫೋಟೊದಲ್ಲಿ ಇಲ್ಲದ ಕಣ್ಣುರೆಪ್ಪೆಯನ್ನೂ ಹಲ್ಲಿನ ಸಾಲನ್ನೂ ಬೇರೆ ಸಾವಿರಾರು ಮುಖಗಳಿಂದ ಊಹಿಸಿ ಬರೆಯುತ್ತವೆ. ನೋಡಲು ಅಂದವಾಗಿರುತ್ತದೆ, ಆದರೆ ಅದು ನಮ್ಮ ಅಜ್ಜಿಯ ಮುಖವಲ್ಲ. ಆಕೆಯನ್ನು ಕಾಣದ ಮುಂದಿನ ತಲೆಮಾರಿಗೆ ಅದನ್ನೇ ಆಕೆಯೆಂದು ದಾಟಿಸುವುದು ತಪ್ಪೆಂದು ನಾನು ನಂಬಿದ್ದೇನೆ.

ಬಣ್ಣದ ನಿಖರತೆ ಅಂದಚಂದಕ್ಕೆ ಮಾತ್ರ ಸೇರಿದ್ದಲ್ಲ ಎಂಬುದಕ್ಕೆ ನಮ್ಮ ತೋಟಗಳಲ್ಲೇ ಉದಾಹರಣೆ ಇದೆ. ಅಡಿಕೆಗೆ ಎಲೆಚುಕ್ಕೆ ರೋಗ ಹರಡಿದಂದಿನಿಂದ ಬೆಳೆಗಾರರು ಸೋಗೆಯ ಚಿತ್ರ ತೆಗೆದು ತಜ್ಞರಿಗೂ ಪರಿಚಿತರಿಗೂ ವಾಟ್ಸ್‌ಆ್ಯಪಿನಲ್ಲಿ ಕಳಿಸಿ ಸಲಹೆ ಕೇಳುವುದು ವಾಡಿಕೆಯಾಗಿದೆ. ಕಂದು ಚುಕ್ಕೆಯ ಸುತ್ತ ಹಳದಿ ಅಂಚಿದೆಯೇ ಎಂಬುದು ನೋಡುವವರಿಗೆ ಮುಖ್ಯ. ಬಣ್ಣ ಏರಿಸುವ ಫಿಲ್ಟರ್ ಆ ಅಂಚನ್ನು ಹಸಿರಿನಲ್ಲಿ ಮುಳುಗಿಸಿಬಿಡಬಹುದು. ‘ವಾರ್ಮ್ತ್’ ಏರಿಸಿದರೆ ಆರೋಗ್ಯವಾದ ಎಲೆಯೂ ಹಳದಿಯಾಗಿ ಕಂಡು ಸಲಹೆ ಕೊಡುವವರನ್ನು ದಾರಿ ತಪ್ಪಿಸಬಹುದು. ಇಂಥ ಚಿತ್ರಕ್ಕೆ ಯಾವ ಅಲಂಕಾರವೂ ಬೇಡ. ಬಯಲಿನ ನೆರಳಿನಲ್ಲಿ, ಎಲೆಯ ಪಕ್ಕದಲ್ಲಿ ಒಂದು ಬಿಳಿ ಹಾಳೆಯನ್ನೂ ಅಳತೆಗೆ ಒಂದು ನಾಣ್ಯವನ್ನೂ ಇಟ್ಟು ತೆಗೆದು, ಆ ಹಾಳೆ ಬೆಳ್ಳಗೆ ಕಾಣುವಷ್ಟು ಮಾತ್ರ ವೈಟ್ ಬ್ಯಾಲೆನ್ಸ್ ಸರಿಪಡಿಸಿ, ಬೇಡದ ಭಾಗವನ್ನು ಕತ್ತರಿಸಿ ಕಳಿಸಿದರೆ ಸಾಕು. ಎಡಿಟಿಂಗ್ ಕಲಿತ ಮಕ್ಕಳು ಮನೆಯ ಹಿರಿಯರಿಗೆ ಇಷ್ಟನ್ನು ಮಾಡಿಕೊಟ್ಟರೆ ದೊಡ್ಡ ಉಪಕಾರವಾಗುತ್ತದೆ.

ತಿದ್ದುಪಡಿ ಎಲ್ಲಿ ನಿಲ್ಲಬೇಕು ಎಂಬ ಪ್ರಶ್ನೆ ಹಳೆಯದು. 1982ರಲ್ಲಿ ನ್ಯಾಷನಲ್ ಜಿಯೋಗ್ರಾಫಿಕ್ ಪತ್ರಿಕೆ ಮುಖಪುಟದ ಅಳತೆಗೆ ಹೊಂದಲೆಂದು ಗೀಜಾದ ಪಿರಮಿಡ್ಡುಗಳನ್ನು ಹತ್ತಿರಕ್ಕೆ ಸರಿಸಿ ಮುದ್ರಿಸಿ ಟೀಕೆಗೆ ಗುರಿಯಾಯಿತು. 2006ರಲ್ಲಿ ಬೈರೂತ್ ಮೇಲಿನ ವಾಯುದಾಳಿಯ ಚಿತ್ರವೊಂದರಲ್ಲಿ ಹೊಗೆಯನ್ನು, ಚಿತ್ರದ ಒಂದು ಭಾಗವನ್ನು ಇನ್ನೊಂದು ಕಡೆಗೆ ನಕಲಿಸುವ ‘ಕ್ಲೋನ್’ ಉಪಕರಣದಿಂದ ಹೆಚ್ಚಿಸಿದ್ದು ಗೊತ್ತಾದ ಮೇಲೆ ರಾಯಿಟರ್ಸ್ ಸಂಸ್ಥೆ ಆ ಛಾಯಾಗ್ರಾಹಕನ ಎಲ್ಲ ಚಿತ್ರಗಳನ್ನೂ ಮಾರಾಟದಿಂದ ಹಿಂತೆಗೆದುಕೊಂಡಿತು. ಅಂದು ವೃತ್ತಿಪರರ ಕೈಯಲ್ಲಿದ್ದ ಆ ಉಪಕರಣ ಇಂದು ಪ್ರತಿ ಮೊಬೈಲಿನಲ್ಲೂ ಇದೆ, ಜೊತೆಗೆ ಆಕಾಶವನ್ನೇ ಬದಲಿಸುವ, ಜನರನ್ನು ಅಳಿಸುವ ಸೌಲಭ್ಯಗಳೂ ಬಂದಿವೆ. ನಾನು ಮಕ್ಕಳಿಗೆ ಹೇಳುವುದು ಹೀಗೆ: ಲೆನ್ಸಿನ ಮೇಲೆ ಬಿದ್ದ ಮಳೆಹನಿಯ ಗುರುತನ್ನು ಅಳಿಸಬಹುದು, ಅದು ದೃಶ್ಯದ್ದಲ್ಲ. ಅಲ್ಲಿ ನಿಜಕ್ಕೂ ಇದ್ದದ್ದನ್ನು ಅಳಿಸಬಾರದು. ಸಕ್ರೆಬೈಲಿನ ಬಿಡಾರದ ಆನೆಯ ಕಾಲಿನ ಸರಪಳಿಯನ್ನು ಅಳಿಸಿದರೆ ಅದು ಕಾಡಾನೆಯ ಚಿತ್ರವೆಂದು ಓದುಗರು ನಂಬುತ್ತಾರೆ. ಶರಾವತಿ ಕಣಿವೆಯ ಚಿತ್ರದಲ್ಲಿ ವಿದ್ಯುತ್ ತಂತಿ ಅಡ್ಡ ಬಂತೆಂದು ಹಲವರು ಅದನ್ನು ತೆಗೆದುಹಾಕುತ್ತಾರೆ. ಆ ಕಣಿವೆಯ ನೀರು, ಅಲ್ಲಿ ಮುಳುಗಿದ ಊರುಗಳು, ನಾಡಿಗೆ ಹರಿದ ಬೆಳಕು ಎಲ್ಲವೂ ಆ ತಂತಿಗೆ ಸಂಬಂಧಪಟ್ಟವು. ಬೇಡವೆನಿಸಿದರೆ ತೆಗೆಯುವಾಗಲೇ ನಾಲ್ಕು ಹೆಜ್ಜೆ ಪಕ್ಕಕ್ಕೆ ಸರಿದು ನಿಲ್ಲಬಹುದು. ಹಾಗೆಯೇ 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿದ ಮೇಲೆ ಜೋಗದಲ್ಲಿ ನೀರು ಎಷ್ಟಿರುತ್ತದೆ ಎಂಬುದು ಮಳೆಯ ಜೊತೆಗೆ ಅಣೆಕಟ್ಟಿನ ಬಾಗಿಲುಗಳನ್ನೂ ಅವಲಂಬಿಸಿರುವುದರಿಂದ, ತೆಳ್ಳಗಿನ ಧಾರೆಯನ್ನು ಕ್ಲೋನ್ ಮಾಡಿ ದಪ್ಪಗೊಳಿಸಿದ ಚಿತ್ರ ದೂರದಿಂದ ಹೊರಟು ಬರುವ ಪ್ರವಾಸಿಗನಿಗೆ ಮಾಡುವ ಮೋಸವಾಗುತ್ತದೆ.

ಇಷ್ಟು ಹೇಳಿ ತಮ್ಮಲ್ಲಿ ಕೆಲವು ವಿನಂತಿಗಳನ್ನು ಮಾಡುತ್ತೇನೆ. ಓದುಗರ ಚಿತ್ರಗಳನ್ನು ಆಹ್ವಾನಿಸುವಾಗ ತಿದ್ದಿದ ಚಿತ್ರದ ಜೊತೆ ಮೂಲವನ್ನೂ ಕಳಿಸಬೇಕೆಂದು ತಾವು ಕೇಳಬೇಕು. ಎರಡನ್ನೂ ಅಕ್ಕಪಕ್ಕ ಇಟ್ಟು ನೋಡುವ ತಮ್ಮ ಛಾಯಾಗ್ರಾಹಕರಿಗೆ ಯಾವುದು ತಿದ್ದುಪಡಿ, ಯಾವುದು ಸೃಷ್ಟಿ ಎಂಬುದು ಕ್ಷಣದಲ್ಲಿ ತಿಳಿಯುತ್ತದೆ. ಚಿತ್ರದ ಕೆಳಗೆ ಊರಿನ ಹೆಸರಿನೊಂದಿಗೆ ತೆಗೆದ ತಿಂಗಳನ್ನೂ, ಆಕಾಶ ಬದಲಿಸಿದ್ದರೆ ಅಥವಾ ವಸ್ತುಗಳನ್ನು ಅಳಿಸಿದ್ದರೆ ಆ ಸಂಗತಿಯನ್ನೂ ಒಂದು ಸಾಲಿನಲ್ಲಿ ಮುದ್ರಿಸಬೇಕು. ಕಲ್ಪನೆಯಿಂದ ಚಿತ್ರ ಕಟ್ಟುವವರಿಗೆ ಬೇರೆಯದೇ ಸ್ಥಳ ಕೊಡಬಹುದು, ಅದಕ್ಕೆ ನನ್ನ ವಿರೋಧವಿಲ್ಲ. ವಾಟ್ಸ್‌ಆ್ಯಪಿನಲ್ಲಿ ಸುಮ್ಮನೆ ಚಿತ್ರವಾಗಿ ಕಳಿಸಿದರೆ ಅದು ಗಾತ್ರ ಕುಗ್ಗಿ, ತೆಗೆದ ದಿನಾಂಕದ ಮಾಹಿತಿಯನ್ನೂ ಕಳೆದುಕೊಂಡು ತಮ್ಮನ್ನು ತಲುಪುತ್ತದೆ. ‘ಡಾಕ್ಯುಮೆಂಟ್’ ಆಗಿ ಅಥವಾ ಇಮೇಲಿನಲ್ಲಿ ಕಳಿಸಲು ಸೂಚಿಸಬೇಕು.

ಇದಕ್ಕಿಂತ ದೊಡ್ಡ ವಿನಂತಿ ಇನ್ನೊಂದಿದೆ. ಮಕ್ಕಳು ಈಗ ಕಲಿಯುತ್ತಿರುವುದು ಅರ್ಧ ನಿಮಿಷದ ವಿಡಿಯೊಗಳಿಂದ, ಅದೂ ನಮ್ಮ ಬೆಳಕನ್ನಾಗಲಿ ಮಳೆಯನ್ನಾಗಲಿ ಕಾಣದವರು ಮಾಡಿದ ವಿಡಿಯೊಗಳಿಂದ. ಹದಿನೈದು ದಿನಕ್ಕೊಮ್ಮೆ ಒಂದು ಉಪಕರಣ, ಅದಕ್ಕೆ ನಮ್ಮ ಸೀಮೆಯ ಒಂದು ಚಿತ್ರ, ತಿದ್ದುವ ಮೊದಲು ಮತ್ತು ತಿದ್ದಿದ ನಂತರ, ಹೀಗೆ ಕನ್ನಡದಲ್ಲಿ ಅಂಕಣವೊಂದನ್ನು ತಾವು ಆರಂಭಿಸಬೇಕು. ಹಲವು ಗ್ರಾಮ ಪಂಚಾಯಿತಿಗಳ ಗ್ರಂಥಾಲಯಗಳು ಅರಿವು ಕೇಂದ್ರಗಳಾಗಿ ಕಂಪ್ಯೂಟರುಗಳನ್ನೂ ಪಡೆದಿವೆ. ಅಲ್ಲಿ ಗಿಂಪ್ ಹಾಕಿಸಿ, ಪಕ್ಕದಲ್ಲೊಂದು ಸ್ಕ್ಯಾನರ್ ಇಟ್ಟು, ಭಾನುವಾರ ಹಳೆಯ ಫೋಟೊ ತಂದವರಿಗೆ ಊರಿನ ಮಕ್ಕಳೇ ಸ್ಕ್ಯಾನ್ ಮಾಡಿಕೊಡುವ ವ್ಯವಸ್ಥೆ ಆದರೆ ಒಂದೆರಡು ಬೇಸಿಗೆಗಳಲ್ಲಿ ಪಂಚಾಯಿತಿಯೊಂದರ ಮನೆಮನೆಯ ಚಿತ್ರಗಳು ಉಳಿಯುತ್ತವೆ. ಬೇಸಿಗೆ ಎಂದು ಹೇಳಲು ಕಾರಣವಿದೆ: ಗೋಡೆ ಒಣಗಿದ ಮೇಲೆ, ಮುಂದಿನ ಮಳೆ ಹಿಡಿಯುವ ಮೊದಲು ಮಾಡಬೇಕಾದ ಕೆಲಸ ಇದು. ಗ್ರಂಥಪಾಲಕರೊಬ್ಬರು ಒಪ್ಪಿ ಕರೆದರೆ ಹೇಳಿಕೊಡಲು ನಾನು ಸಂಬಳವಿಲ್ಲದೆ ಬರಲು ಸಿದ್ಧನಿದ್ದೇನೆ.

ಪತ್ರಿಕೋದ್ಯಮದವರಿಗೇ ಸೇರಿದ ಒಂದು ಸಂಗತಿ ಉಳಿಯಿತು. ಸುದ್ದಿ ಕಾಗದ ಶಾಯಿಯನ್ನು ಹೀರಿ ಹರಡಿಸುವುದರಿಂದ ಪರದೆಯ ಮೇಲೆ ಕಂಡ ಕಪ್ಪು ಅಚ್ಚಿನಲ್ಲಿ ಇನ್ನೂ ಕಪ್ಪಾಗಿ, ಕಾಡಿನ ಒಳಗಿನ ವಿವರವೆಲ್ಲ ಮುಚ್ಚಿಹೋಗುತ್ತದೆ. ಓದುಗರು ನೆರಳಿನ ಭಾಗವನ್ನು ಎಷ್ಟು ತಿಳಿಗೊಳಿಸಿ, ಚಿತ್ರವನ್ನು ಎಷ್ಟು ಪಿಕ್ಸೆಲ್ ಅಗಲದಲ್ಲಿ ಕಳಿಸಿದರೆ ತಮ್ಮ ಮುದ್ರಣಕ್ಕೆ ಸರಿಹೊಂದುತ್ತದೆ ಎಂಬುದನ್ನು ತಮ್ಮ ಪುಟವಿನ್ಯಾಸ ವಿಭಾಗದವರು ಎರಡು ಸಾಲುಗಳಲ್ಲಿ ಬರೆದು ಆ ವಿಭಾಗದ ತಲೆಬರಹದ ಕೆಳಗೆ ಪ್ರತಿವಾರ ಮುದ್ರಿಸಬೇಕೆಂದು ಕೋರುತ್ತೇನೆ.

ಇಂತಿ ತಮ್ಮ ವಿಶ್ವಾಸಿ,
ಒಬ್ಬ ಓದುಗ
ತೀರ್ಥಹಳ್ಳಿ ತಾಲ್ಲೂಕು, ಶಿವಮೊಗ್ಗ ಜಿಲ್ಲೆ